ಮಾರಿಷಸ್ ದ್ವೀಪದಲ್ಲಿ ನಮ್ಮ ಬಿಡುವಿನ ದಿನಗಳು

ಸೈನ್ಯದವರ ಸಂಸಾರವೆಂದರೆ ಗಂಟುಮೂಟೆಯ ಸಂಸಾರವೆಂಬುದು ಎಲ್ಲರೂ ಬಲ್ಲ ಮಾತು. ಒಂದೂರಿನಲ್ಲಿ ಒಲೆ ಹೂಡಿ, ಹೊಗೆ ಯಾವ ಕಿಟಕಿಯಿಂದ ಹೋಗುವುದೆಂದು ತಿಳಿಯುವಷ್ಟರಲ್ಲಿ ಮತ್ತೊಂದೂರಿಗೆ ಹೊರಡಬೇಕೆಂಬ ಅಪ್ಪಣೆ ಬಂದಿರುತ್ತದೆ. ನಮ್ಮ ಯಜಮಾನರು ಭಾರತದ ನೌಕಾಸೇನೆಯಲ್ಲಿ ಅಧಿಕಾರಿಗಳು. ಕೊಚ್ಚಿ, ವಿಶಾಖಪಟ್ಟಣ, ಮುಂಬಯಿಗಳನ್ನು ಸುತ್ತಿ, ಕಡೆಗೆ ನಮ್ಮ ಹುಟ್ಟೂರಾದ ಕಾರವಾರದ ಕದಂಬ ನೌಕಾನೆಲೆಗೆ ವರ್ಗವಾಗಿ ಬಂದಾಗ, ಇನ್ನು ಕೆಲವು ವರ್ಷ ಹಿರಿಯರ ಜೊತೆಯಲ್ಲಿಯೇ ಇರಬಹುದೆಂದು ನಂಬಿದ್ದೆವು. ಆ ನಂಬಿಕೆಯು ಹದಿನಾಲ್ಕು ತಿಂಗಳು ನಿಂತಿತು. ಅನಂತರ ಮಾರಿಷಸ್ ದೇಶದ ಕರಾವಳಿ ಕಾವಲು ದಳದಲ್ಲಿ ಎರಡು ವರ್ಷ ಸೇವೆ ಸಲ್ಲಿಸಬೇಕೆಂದು ಆಜ್ಞೆಯಾಯಿತು.

ಈ ಲೇಖನವನ್ನು ಬರೆಯುವ ಕೈ ಮನೆಯಾಕೆಯದು. ಆದರೆ ಕಂಡ ಕಣ್ಣುಗಳು ಇಬ್ಬರವು. ಆದುದರಿಂದ ‘ನಾವು’ ಎಂದೇ ಬರೆಯುವೆವು. ವಾಚಕರು ಇದನ್ನು ಅಹಂಕಾರವೆಂದೆಣಿಸದೆ ಮನ್ನಿಸಬೇಕು.

ಮಾರಿಷಸ್ ಹಿಂದೂ ಮಹಾಸಾಗರದಲ್ಲಿ ಮಡಗಾಸ್ಕರಿನಿಂದ ಮೂಡಲಿಗೆ ಸುಮಾರು ೮೦೦ ಕಿಲೋಮೀಟರು ದೂರದಲ್ಲಿ, ಅಗ್ನಿಪರ್ವತದಿಂದ ಹುಟ್ಟಿದ ದ್ವೀಪ. ಅದರ ಉದ್ದ ಸುಮಾರು ೬೫ ಕಿಲೋಮೀಟರು, ಅಗಲ ೪೫. ನಮ್ಮ ಉತ್ತರ ಕನ್ನಡ ಜಿಲ್ಲೆಯನ್ನು ಐದು ಪಾಲು ಮಾಡಿದರೆ ಒಂದು ಪಾಲಿಗಿಂತಲೂ ಈ ದ್ವೀಪ ಚಿಕ್ಕದು. ಆದರೆ ನೆಲ ಚಿಕ್ಕದಾದರೂ ಆ ದೇಶದ ಪಾಲಿನ ಕಡಲು ಇಪ್ಪತ್ತಮೂರು ಲಕ್ಷ ಚದರ ಕಿಲೋಮೀಟರಿನಷ್ಟು ವಿಶಾಲವಾದುದು. ಅಲ್ಲಿ ಸ್ಥಾಯಿಯಾದ ಸೈನ್ಯವೆಂಬುದಿಲ್ಲ. ಪೋಲೀಸಿನ ಅಂಗವಾಗಿ ೧೯೮೭ರಲ್ಲಿ ಏರ್ಪಟ್ಟ ಕಾವಲು ದಳವೇ ಈ ಕಡಲನ್ನು ಕಾಯುವುದು. ಅದಕ್ಕೆ ನಮ್ಮ ನೌಕಾಸೇನೆಯಿಂದ ಅಧಿಕಾರಿಗಳು ಎರವಲಾಗಿ ಹೋಗಿ ಬರುವ ಪದ್ಧತಿಯುಂಟು. ಆ ದಳದ ‘ಬರಾಕೂಡಾ’ ಎಂಬ ಹಡಗು ಕೂಡ ಕಲ್ಕತ್ತೆಯಲ್ಲಿ ಕಟ್ಟಲ್ಪಟ್ಟು ೨೦೧೫ರಲ್ಲಿ ಸೇವೆಗೆ ಸೇರಿದುದು.

ನಾವು ಇಳಿದುದು ಜೂನ್ ತಿಂಗಳಲ್ಲಿ. ಕಾರವಾರದಲ್ಲಿ ಮಳೆ ಹಿಡಿದು ಹೆಂಚು ಸೋರುವ ಕಾಲ, ಅಲ್ಲಿಯೋ ಚಳಿಗಾಲ. ಗಡಿಯಾರವನ್ನು ಒಂದೂವರೆ ತಾಸು ಹಿಂದಕ್ಕೆ ತಿರುಗಿಸಿಕೊಂಡೆವು. ಕಾತ್ರ್‌ಬೋರ್ನ್ ಎಂಬ ಪಟ್ಟಣದಲ್ಲಿ ಮನೆ ದೊರೆಯಿತು. ಆ ಹೆಸರಿಗೆ ಫ್ರೆಂಚ್ ಭಾಷೆಯಲ್ಲಿ ‘ನಾಲ್ಕು ಗಡಿಕಲ್ಲು’ ಎಂದರ್ಥ. ನಮಗೂ ಆ ಮನೆಯು ಮೊದಲ ಮೂರು ತಿಂಗಳು ನಾಲ್ಕು ಗಡಿಕಲ್ಲುಗಳ ನಡುವಿನ ಬಯಲಿನಂತೆಯೇ ಇದ್ದಿತು. ಯಜಮಾನರು ಕಡಲಿಗೆ ಹೋದರೆ ಎಷ್ಟೋ ದಿನ ಬರುತ್ತಿರಲಿಲ್ಲ. ಬೀದಿಯ ಜನರು ಆಡುವುದು ಕ್ರಿಯೋಲ್ ಭಾಷೆ. ಅಂಗಡಿಯ ಫಲಕಗಳು ಫ್ರೆಂಚಿನಲ್ಲಿ. ಊರಿನಿಂದ ತಂದ ಪೆಟ್ಟಿಗೆಗಳಲ್ಲಿ ಎರಡನ್ನು ನಾವು ಬಿಚ್ಚಲೇ ಇಲ್ಲ. ಎರಡು ವರ್ಷಕ್ಕಾಗಿ ಹಿತ್ತಾಳೆಯ ದೀಪವನ್ನೂ ಒಬ್ಬಟ್ಟಿನ ಮಣೆಯನ್ನೂ ಹೊರಗೆ ತೆಗೆದಿಡುವುದೇತಕ್ಕೆ ಎಂಬುದು ನಮ್ಮ ವಾದವಾಗಿತ್ತು.

ಕಾರವಾರದಲ್ಲಿ ಅತ್ತೆಯವರು ಒಬ್ಬರೇ. ವಯಸ್ಸು ಎಪ್ಪತ್ತು ದಾಟಿದೆ. ನಾದಿನಿ ಅಂಕೋಲೆಯಲ್ಲಿದ್ದು ವಾರಕ್ಕೊಮ್ಮೆ ಬಂದು ನೋಡಿಕೊಂಡು ಹೋಗುವಳು. ಪ್ರತಿದಿನವೂ ಸಂಜೆ ಅತ್ತೆಯವರ ದೂರವಾಣಿಯ ಕರೆ ಬರುವುದು, ಪ್ರಶ್ನೆ ಒಂದೇ: “ಯಾವಾಗ ಬರುತ್ತೀರಿ?” ಆ ಪ್ರಶ್ನೆಯನ್ನು ತೊಂಬತ್ತು ಸಂಜೆ ಕೇಳಿದ ಮೇಲೆ, ಮನೆಯಾಕೆ ದೀಪಾವಳಿಯ ಹೊತ್ತಿಗೆ ಊರಿಗೆ ಮರಳುವುದೆಂದೂ, ಯಜಮಾನರು ಒಬ್ಬರೇ ಅವಧಿಯನ್ನು ಮುಗಿಸುವುದೆಂದೂ ನಿಶ್ಚಯಕ್ಕೆ ಬಂದೆವು. ಯಜಮಾನರು ಎದುರು ನುಡಿಯಲಿಲ್ಲ. “ಅಲ್ಲಿಯವರೆಗೆ ಬಿಡುವು ಸಿಕ್ಕಿದ ದಿನ ಮನೆಯಲ್ಲಿ ಕೂರುವುದು ಬೇಡ. ಹೋಗುವವರು ನೋಡಿಕೊಂಡಾದರೂ ಹೋಗಬೇಕು” ಎಂದಷ್ಟೇ ಹೇಳಿದರು. ನಮ್ಮ ಸಂಚಾರವು ಹೀಗೆ ಆರಂಭವಾಯಿತು.

ಮೊದಲ ಸಂಚಾರವು ನಮ್ಮ ಊರಿನ ಸಂತೆಗೇ. ತರಕಾರಿ ಮಾರುವ ಹೆಂಗಸು “ಕಿ ಮಾನ್ಯೇರ್?” ಎಂದಳು. ಹೇಗಿದ್ದೀರಿ ಎಂದು ಅದರ ಅರ್ಥ. “ಕೊರೆಕ್” ಎಂದರೆ ಚೆನ್ನಾಗಿದ್ದೇವೆ ಎಂದು ಹೇಳಿದಂತೆ. ನಾವು ಕಲಿತ ಮೊದಲ ಎರಡು ಮಾತುಗಳು ಇವು. ಅವಳ ಮುಂದಿದ್ದ ಸೊಪ್ಪಿನ ಕಟ್ಟನ್ನು ಬೆರಳು ಮಾಡಿ ಹೆಸರು ಕೇಳಿದರೆ ‘ಬ್ರೆದ್ ಮುರುಮ್’ ಎಂದಳು. ನೋಡಿದರೆ ನಮ್ಮ ನುಗ್ಗೆ ಸೊಪ್ಪು! ತಮಿಳಿನ ಮುರುಂಗೈ ಸಮುದ್ರ ದಾಟಿ ಮುರುಮ್ ಆಗಿದೆ. ಮಗ್ಗುಲಲ್ಲಿ ಕೆಸವಿನ ಸೊಪ್ಪು, ಸೀಮೆಬದನೆ. ಅದರಾಚೆ ನಮ್ಮ ಕರಾವಳಿಯಲ್ಲಿ ದೀವಿಹಲಸು, ಜೀಗುಜ್ಜೆ ಎಂದು ಕರೆಯುವ ಕಾಯಿ. ಸಂತೆಯ ಬಾಗಿಲಲ್ಲಿ ಒಬ್ಬನು ದಾಲ್‌ಪೂರಿ ಮಾರುತ್ತಿದ್ದನು. ಬಟಾಣಿ ಬೇಳೆಯನ್ನು ಬೇಯಿಸಿ ಪುಡಿಮಾಡಿ ಹೂರಣವಾಗಿಟ್ಟು ತೆಳ್ಳಗೆ ಲಟ್ಟಿಸಿ ಸುಟ್ಟ ರೊಟ್ಟಿ ಅದು. ಬೆಲ್ಲ ಹಾಕದ ಹೋಳಿಗೆಯೆಂದು ತಿಳಿದರೆ ಸಾಕು. ಎರಡನ್ನು ಜೋಡಿಸಿ, ನಡುವೆ ಅವರೆಯಂಥ ಕಾಳಿನ ಪಲ್ಯವನ್ನೂ ಚಟ್ನಿಯನ್ನೂ ಸವರಿ ಸುತ್ತಿಕೊಡುತ್ತಾನೆ. ಪಕ್ಕದ ಬಾಣಲೆಯಲ್ಲಿ ಬೇಯುತ್ತಿದ್ದುದನ್ನು ‘ಗಾತೋ ಪಿಮಾಂ’, ಎಂದರೆ ಮೆಣಸಿನಕಾಯಿಯ ಕೇಕು, ಎಂದರು. ಅದು ನಮ್ಮ ಅಂಬೊಡೆಯೇ. ನಾವು ನಿಂತಲ್ಲಿಯೇ ತಿಂದೆವು. ಯಜಮಾನರು ನಾಲ್ಕು ತಿಂದು, ಊರಿನಲ್ಲಿಯೂ ಹೀಗೆ ಮಾಡಬಾರದೇ ಎಂದು ಕೇಳಿದ್ದನ್ನು ಮನೆಯಾಕೆ ಇನ್ನೂ ಮರೆತಿಲ್ಲ.

ಎರಡನೆಯ ಸಲ ಪಾಂಪ್ಲಮೂಸ್ ಎಂಬಲ್ಲಿರುವ ಸಸ್ಯೋದ್ಯಾನಕ್ಕೆ ಹೋದೆವು. ಹದಿನೆಂಟನೆಯ ಶತಮಾನದಲ್ಲಿ ಫ್ರೆಂಚರ ಆಡಳಿತಾಧಿಕಾರಿಯಾಗಿದ್ದ ಪಿಯೇರ್ ಪುವಾವ್ರನು ಸಂಬಾರ ಗಿಡಗಳನ್ನು ದೂರದೂರದ ದ್ವೀಪಗಳಿಂದ ತರಿಸಿ ನೆಡಿಸಿ ಬೆಳೆಯಿಸಿದ ತೋಟವಿದು. ಅಲ್ಲಿನ ಕೊಳದಲ್ಲಿ ತೇಲುವ ಅಮೆಜಾನಿನ ನೈದಿಲೆಯ ಎಲೆಗಳು ಮದುವೆಯ ಮನೆಯ ಹರಿವಾಣಗಳಿಗಿಂತ ದೊಡ್ಡವು. ಅಂಚು ಮೇಲಕ್ಕೆ ಮಡಿಸಿಕೊಂಡಿರುತ್ತದೆ. ಅದರ ಹೂವು ಮೊದಲ ದಿನ ಬಿಳಿದಾಗಿ ಅರಳಿ ಮರುದಿನ ಗುಲಾಬಿಯ ಬಣ್ಣಕ್ಕೆ ತಿರುಗುವುದು. ಆದರೆ ನಾವು ಬಹಳ ಹೊತ್ತು ನಿಂತುದು ಶ್ರೀತಾಳೆಯ ಮರದ ಕೆಳಗೆ. ಈ ಮರವು ಹಲವು ದಶಕಗಳು ಬೆಳೆದು, ಜನ್ಮದಲ್ಲಿ ಒಂದೇ ಸಲ ತಲೆಯ ತುಂಬ ಹೂ ಬಿಟ್ಟು, ಕಾಯಾಗಿ ಸಾಯುತ್ತದೆ. ನಮ್ಮ ಹಿರಿಯರು ಕಾವ್ಯಶಾಸ್ತ್ರಗಳನ್ನು ಬರೆದುಕೊಳ್ಳುತ್ತಿದ್ದುದು ಇದರ ಗರಿಯ ಮೇಲೆಯೇ. ಅದೇ ತೋಟದಲ್ಲಿ ಸ್ವತಂತ್ರ ಮಾರಿಷಸ್ಸಿನ ಮೊದಲ ಪ್ರಧಾನಿ ಶಿವಸಾಗರ ರಾಮಗುಲಾಮರ ಸಮಾಧಿಯಿದೆ. ೧೯೮೫ರಲ್ಲಿ ಅವರ ದಹನವಾದದ್ದು ಅಲ್ಲಿಯೇ.

ಮೂರನೆಯ ಸಂಚಾರವನ್ನು ಯಜಮಾನರು ತಮ್ಮ ಉದ್ಯೋಗದ ಅಭಿಮಾನದಿಂದ ಆರಿಸಿದರು. ದ್ವೀಪದ ಆಗ್ನೇಯ ತೀರದಲ್ಲಿ ಮಾಹೇಬೂರ್ ಎಂಬ ಸಣ್ಣ ಪಟ್ಟಣವುಂಟು. ಅದರ ಎದುರಿನ ಕೊಲ್ಲಿಯಲ್ಲಿ ೧೮೧೦ರ ಆಗಸ್ಟಿನಲ್ಲಿ ಇಂಗ್ಲಿಷರ ಮತ್ತು ಫ್ರೆಂಚರ ಹಡಗುಗಳಿಗೆ ಘೋರವಾದ ಯುದ್ಧವಾಗಿ ಫ್ರೆಂಚರು ಗೆದ್ದರು. ಪ್ಯಾರಿಸಿನ ವಿಜಯದ್ವಾರದ ಮೇಲೆ ಈ ಗೆಲುವಿನ ಹೆಸರನ್ನು ಕೆತ್ತಿದ್ದಾರೆ. ಅದೇ ವರ್ಷದ ಡಿಸೆಂಬರಿನೊಳಗೆ ಇಂಗ್ಲಿಷರು ಉತ್ತರದ ತೀರದಲ್ಲಿ ದಂಡಿಳಿಸಿ ದ್ವೀಪವನ್ನೇ ಹಿಡಿದರು. ಆ ದಂಡಿನಲ್ಲಿ ಭಾರತದ ಸಿಪಾಯಿಗಳೂ ಇದ್ದರು. ಶರಣಾದ ಜನರ ಭಾಷೆ, ಕಾನೂನು, ಮತಗಳನ್ನು ಮುಟ್ಟುವುದಿಲ್ಲವೆಂದು ಗೆದ್ದವರು ಮಾತು ಕೊಟ್ಟುದರಿಂದಲೇ, ೧೯೬೮ರವರೆಗೆ ಇಂಗ್ಲಿಷರು ಆಳಿದರೂ ಅಂಗಡಿಯ ಫಲಕಗಳು ಇಂದಿಗೂ ಫ್ರೆಂಚಿನಲ್ಲಿರುವುದು. ಮಾಹೇಬೂರಿನ ವಸ್ತುಸಂಗ್ರಹಾಲಯವಿರುವುದು ಒಂದು ಹಳೆಯ ಬಂಗಲೆಯಲ್ಲಿ. ಯುದ್ಧದಲ್ಲಿ ಗಾಯಗೊಂಡ ಎರಡು ಕಡೆಯ ನಾಯಕರಿಗೂ, ಇಂಗ್ಲಿಷರ ವಿಲೋಬಿಗೂ ಫ್ರೆಂಚರ ದ್ಯುಪೆರೆಗೂ, ಆ ಮನೆಯಲ್ಲಿಯೇ ಶುಶ್ರೂಷೆ ನಡೆಯಿತು. ಬೆಳಗಿನವರೆಗೆ ಒಬ್ಬರ ಮೇಲೊಬ್ಬರು ಗುಂಡು ಹಾರಿಸಿದವರು ಒಂದೇ ಸೂರಿನ ಕೆಳಗೆ ನರಳಿದರು. ಯಜಮಾನರು ಅಲ್ಲಿ ಬಹಳ ಹೊತ್ತು ಮಾತಾಡಲಿಲ್ಲ. ಹೊರಗೆ ಬಂದ ಮೇಲೆ, “ಇವರ ಮನೆಯವರಿಗೆ ಸುದ್ದಿ ಮುಟ್ಟಲು ಎಷ್ಟು ತಿಂಗಳಾಯಿತೋ” ಎಂದರು. ಪ್ರತಿದಿನದ ದೂರವಾಣಿಯ ಕರೆಗೆ ಬೇಸರಪಡುತ್ತಿದ್ದ ನಮಗೆ ಆ ಮಾತು ತಟ್ಟಿತು.

ಇಷ್ಟರಲ್ಲಿ ಪಕ್ಕದ ಮನೆಯ ಅಜ್ಜಿಯ ಪರಿಚಯವಾಗಿತ್ತು. ಎಂಬತ್ತರ ಹತ್ತಿರದ ವಯಸ್ಸು. ಭೋಜಪುರಿಯನ್ನೂ ಹಿಂದಿಯನ್ನೂ ಬೆರಸಿ ಆಡುವರು; ನಮಗೆ ಬರುವ ಹಿಂದಿಯಿಂದ ಸಂಭಾಷಣೆ ಸಾಗುತ್ತಿತ್ತು. ಮೊದಲ ದಿನವೇ “ಎಷ್ಟು ವರ್ಷಕ್ಕೆ ಬಂದಿರಿ?” ಎಂದು ಕೇಳಿದರು. ಎರಡು ವರ್ಷಕ್ಕೆ ಎಂದೆವು. ಅಜ್ಜಿ ನಕ್ಕು, “ನಮ್ಮಜ್ಜ ಐದು ವರ್ಷಕ್ಕೆಂದು ಬಂದವರು” ಎಂದರು.

ಆ ಮಾತಿನ ಪೂರ್ಣಾರ್ಥವು ನಮಗೆ ತಿಳಿದುದು ನವೆಂಬರ್ ತಿಂಗಳಲ್ಲಿ. ೧೮೩೫ರ ಫೆಬ್ರವರಿ ೧ರಂದು ಈ ದ್ವೀಪದಲ್ಲಿ ಗುಲಾಮಗಿರಿಯು ರದ್ದಾಯಿತು. ನೈಋತ್ಯದ ಲೆ ಮಾರ್ನ್ ಎಂಬ ಬೆಟ್ಟದಲ್ಲಿ ಅಡಗಿದ್ದ ಗುಲಾಮರು, ಬಿಡುಗಡೆಯ ಸುದ್ದಿ ಹೇಳಲು ಬಂದ ಪೋಲೀಸರನ್ನು ಕಂಡು, ಹಿಡಿಯಲು ಬಂದರೆಂದು ತಪ್ಪು ತಿಳಿದು ಬಂಡೆಯಿಂದ ಧುಮುಕಿ ಪ್ರಾಣ ಬಿಟ್ಟರೆಂದು ಜನರು ಹೇಳುವರು. ಗುಲಾಮರ ದುಡಿಮೆ ತಪ್ಪಿಹೋಗುವುದೆಂದು ಕಂಡ ಕಬ್ಬಿನ ತೋಟದ ಒಡೆಯರು ಅದಕ್ಕೆ ಮೊದಲೇ ಭಾರತದ ಕಡೆಗೆ ಕಣ್ಣು ಹಾಯಿಸಿದ್ದರು. ೧೮೩೪ರ ನವೆಂಬರ್ ೨ರಂದು ‘ಅಟ್ಲಾಸ್’ ಎಂಬ ಹಡಗು ೩೬ ಮಂದಿ ಕೂಲಿಗಳನ್ನು ಕಲ್ಕತ್ತೆಯಿಂದ ತಂದು ಇಳಿಸಿತು. ಮುಂದೆ ಕಲ್ಕತ್ತೆ, ಮದರಾಸು, ಮುಂಬಯಿಗಳಿಂದ, ಕರಾರಿನ ಕಾಗದಕ್ಕೆ ಹೆಬ್ಬೆಟ್ಟು ಒತ್ತಿ ಬಂದವರು ನಾಲ್ಕೂವರೆ ಲಕ್ಷಕ್ಕೂ ಹೆಚ್ಚು. ರಾಜಧಾನಿಯಾದ ಪೋರ್ಟ್ ಲೂಯಿಯಲ್ಲಿ ಅವರನ್ನು ಇಳಿಸಿ ಲೆಕ್ಕ ಹಿಡಿಯುತ್ತಿದ್ದ ಕಟ್ಟಡದ ಅಳಿದುಳಿದ ಭಾಗಕ್ಕೆ ‘ಆಪ್ರವಾಸಿ ಘಾಟ್’ ಎಂದು ಹೆಸರು. ೨೦೦೬ರಲ್ಲಿ ವಿಶ್ವಪರಂಪರೆಯ ತಾಣಗಳ ಪಟ್ಟಿಗೆ ಅದು ಸೇರಿತು. ನವೆಂಬರ್ ೨ ಆ ದೇಶದಲ್ಲಿ ರಜೆಯ ದಿನ. ಉತ್ಸವದ ಗದ್ದಲ ಕಳೆದ ಮೇಲೆ ಒಂದು ಶನಿವಾರ ಬೆಳಿಗ್ಗೆ ಅಜ್ಜಿಯೇ ನಮ್ಮನ್ನು ಹಗುರ ರೈಲಿನಲ್ಲಿ ಅಲ್ಲಿಗೆ ಕರೆದೊಯ್ದರು.

ಅಲ್ಲಿ ನೋಡಲು ಹೆಚ್ಚೇನೂ ಇಲ್ಲ. ಕಪ್ಪು ಕಲ್ಲಿನ ಗೋಡೆಗಳು, ಆಸ್ಪತ್ರೆಯ ಮತ್ತು ಅಡಿಗೆಮನೆಯ ತಳಪಾಯಗಳು, ಕೆಲವು ಕಲ್ಲು ಮೆಟ್ಟಿಲುಗಳು. ವಾರಗಟ್ಟಲೆ ಕಡಲಿನಲ್ಲಿ ಕಳೆದು ಬಂದವರು ಆ ಮೆಟ್ಟಿಲುಗಳನ್ನು ಹತ್ತಿಯೇ ದ್ವೀಪಕ್ಕೆ ಕಾಲಿಟ್ಟರು. ಅಜ್ಜಿಯು ಕೈಚೀಲದಿಂದ ಒಂದು ಪಟದ ಪ್ರತಿಯನ್ನು ತೆಗೆದು ತೋರಿಸಿದರು. ಮೋಕಾ ಎಂಬ ಊರಿನ ಮಹಾತ್ಮಾ ಗಾಂಧಿ ಸಂಸ್ಥೆಯಲ್ಲಿ ವಲಸೆ ಬಂದವರ ದಫ್ತರಗಳನ್ನು ಕಾಪಾಡಿ ಇಟ್ಟಿದ್ದಾರೆ. ಮೊಮ್ಮಗನು ಹುಡುಕಿಸಿ ತಂದುದು ಅದು. ಎಲುಬು ಕಾಣುವ ಒಬ್ಬ ಯುವಕ, ನೇರವಾದ ದೃಷ್ಟಿ, ಒಂದು ಸಂಖ್ಯೆ.

“ಐದು ವರ್ಷವಾದ ಮೇಲೆ ಊರಿಗೆ ಹೋಗುವೆನೆಂದು ಊರಿನಿಂದ ತಂದ ಗಂಟನ್ನು ಅಜ್ಜ ಬಿಚ್ಚಿರಲಿಲ್ಲವಂತೆ. ಹೆಂಡತಿಗೆಂದು ಕೊಂಡ ಸೀರೆ ಅದರಲ್ಲಿತ್ತು. ಆರನೆಯ ವರ್ಷವೂ ಹೋಗಲಾಗಲಿಲ್ಲ. ಬಿಚ್ಚಿ ನೋಡಿದಾಗ ಹುಳು ತಿಂದಿತ್ತು” ಎಂದರು ಅಜ್ಜಿ. ಸ್ವಲ್ಪ ಹೊತ್ತಿನ ಮೇಲೆ, “ನಿನಗೆ ಹಿಂದಿರುಗುವ ದಿನ ಗೊತ್ತಿದೆ, ಮಗಳೇ. ಗೊತ್ತಿರುವವಳು ಗಂಟು ಬಿಚ್ಚಲು ಹೆದರುವುದೇಕೆ?” ಎಂದು ಕೇಳಿದರು.

ಬಿಚ್ಚದ ಪೆಟ್ಟಿಗೆಗಳನ್ನು ಅಜ್ಜಿ ನಮ್ಮ ನಡುಮನೆಯಲ್ಲಿ ಕಂಡಿದ್ದರೆಂಬುದು ನಮಗೆ ಆಗಲೇ ಹೊಳೆಯಿತು. ಆ ಸಂಜೆ ಮನೆಗೆ ಬಂದು ಎರಡು ಪೆಟ್ಟಿಗೆಗಳನ್ನೂ ಬಿಚ್ಚಿದೆವು. ದೀಪಕ್ಕೆ ಹಸಿರು ಕಿಲುಬು ಹಿಡಿದಿತ್ತು. ಹುಣಸೆ ಹಚ್ಚಿ ತಿಕ್ಕಿ ತೊಳೆದೆವು. ದೂರವಾಣಿಯಲ್ಲಿ ಅತ್ತೆಯವರು ಎಂದಿನ ಪ್ರಶ್ನೆ ಕೇಳಿದಾಗ, ದೀಪಾವಳಿಗೆ ಬರುವುದಿಲ್ಲವೆಂದು ತಿಳಿಸಿದೆವು. ಆ ಕಡೆ ಬಹಳ ಹೊತ್ತು ಸದ್ದಿಲ್ಲ. ಅತ್ತರೆಂದೇ ಭಾವಿಸಿದೆವು. ಅನಂತರ ಅತ್ತೆಯವರು ಹೇಳಿದ ಮಾತಿದು: “ಹಾಗಾದರೆ ಎಲ್ಲಿಗೆ ಹೋದಿರಿ, ಏನು ಕಂಡಿರಿ ಎಂದಾದರೂ ಹೇಳುತ್ತಿರಿ. ಇಲ್ಲದಿದ್ದರೆ ನಿಮ್ಮನ್ನು ನಾನು ಎಲ್ಲಿ ಇರುವಿರೆಂದು ನೆನೆಯಲಿ?”

ಮೂರು ತಿಂಗಳು ನಾವು ಅತ್ತೆಯವರಿಗೆ ಆ ದ್ವೀಪದ ಒಂದು ಸಂಗತಿಯನ್ನೂ ಹೇಳಿರಲಿಲ್ಲ. ಕೇಳಿದರೆ ದುಃಖಿಸುವರೆಂದು ಬಚ್ಚಿಟ್ಟಿದ್ದೆವು. ಅವರ ದುಃಖಕ್ಕೆ ನಾವು ದೂರವಿದ್ದುದಕ್ಕಿಂತಲೂ, ನಾವಿರುವ ಜಾಗ ಅವರ ಮನಸ್ಸಿಗೆ ಕಾಣದೆ ಇದ್ದುದೇ ದೊಡ್ಡ ಕಾರಣವಾಗಿತ್ತು. ಅಂದಿನಿಂದ ಪ್ರತಿಯೊಂದು ಸಂಚಾರದ ವರದಿಯೂ ಕಾರವಾರಕ್ಕೆ ಹೋಗತೊಡಗಿತು.

ಜನವರಿಯಲ್ಲಿ ಚಂಡಮಾರುತ ಬಂದಿತು. ಅಲ್ಲಿ ಎಚ್ಚರಿಕೆಗೆ ನಾಲ್ಕು ದರ್ಜೆಗಳು. ಮೂರನೆಯದನ್ನು ಸಾರಿದೊಡನೆ ಜನರೆಲ್ಲ ಮನೆ ಸೇರಬೇಕು. ಗಾಳಿಯ ಹೊಡೆತ ತಾಸಿಗೆ ೧೨೦ ಕಿಲೋಮೀಟರಿಗೆ ಮುಟ್ಟಿದರೆ ನಾಲ್ಕನೆಯದು. ಅಂಥ ಹೊತ್ತಿನಲ್ಲಿ ಎಲ್ಲರೂ ಮನೆಗೆ ಓಡಿದರೆ ಯಜಮಾನರಂಥವರು ಕೆಲಸಕ್ಕೆ ಹೋಗಬೇಕು. ಅವರು ಹೋದ ಅರ್ಧ ತಾಸಿಗೆ ಅಜ್ಜಿಯ ಮೊಮ್ಮಗನು ಬಂದು ನಮ್ಮ ಕಿಟಕಿಗಳಿಗೆ ಅಗುಳಿ ಬಿಗಿದು, ನೀರು ತುಂಬಿಸಿಟ್ಟು, ಮನೆಯಾಕೆಯನ್ನು ತಮ್ಮ ಮನೆಗೆ ಕರೆದುಕೊಂಡು ಹೋದನು. ಮೇಣದ ಬತ್ತಿಯ ಬೆಳಕಿನಲ್ಲಿ, ಹೊರಗೆ ಗಾಳಿ ಮೊರೆಯುತ್ತಿರಲು, ಅಜ್ಜಿಯು ಮದುವೆಯ ಹಾಡುಗಳನ್ನು ಹೇಳುತ್ತ ಕುಳಿತರು. ಹೆಂಗಸರು ಮದುವೆಯ ಮನೆಯಲ್ಲಿ ಹಾಡುವ ಆ ಭೋಜಪುರಿ ಪದಗಳಿಗೆ ‘ಗೀತ್ ಗವಾಯಿ’ ಎನ್ನುವರು. ಮರುದಿನ ಯಜಮಾನರು ನೆನೆದ ಬಟ್ಟೆಯಲ್ಲಿ ಬಂದು ಬಾಗಿಲು ತಟ್ಟಿದುದು ನಮ್ಮ ಮನೆಯದಲ್ಲ, ಅಜ್ಜಿಯ ಮನೆಯದು.

ಮಹಾಶಿವರಾತ್ರಿಗೆ ಆ ಮನೆಯ ಮಕ್ಕಳೊಡನೆ ನಾವೂ ನಡೆದು ಗಂಗಾ ತಲಾವಿಗೆ ಹೋದೆವು. ಬೆಟ್ಟದ ಮೇಲೆ, ಆರಿದ ಅಗ್ನಿಪರ್ವತದ ಬಾಯಲ್ಲಿ ನಿಂತ ಸರೋವರವದು. ೧೯೭೨ರಲ್ಲಿ ಭಾರತದಿಂದ ಗಂಗಾಜಲವನ್ನು ತಂದು ಅದರಲ್ಲಿ ಸೇರಿಸಿದರು. ದಡದ ಮಾರ್ಗದಲ್ಲಿ ೧೦೮ ಅಡಿಯ ಶಿವನ ವಿಗ್ರಹವುಂಟು. ದ್ವೀಪದ ಮೂಲೆಮೂಲೆಗಳಿಂದ ಬಿಳಿಯ ಬಟ್ಟೆಯುಟ್ಟ ಜನರು ಹೂವಿನಿಂದ ಸಿಂಗರಿಸಿದ ಕಾವಡಿಗಳನ್ನು ಹೊತ್ತು ನಡೆಯುವರು. ದಾರಿಯುದ್ದಕ್ಕೂ ಮನೆಗಳವರು ಮೇಜು ಹಾಕಿ ಚಹವನ್ನೂ ಹಣ್ಣನ್ನೂ ಬೇಡವೆಂದರೂ ಕೈಗಿಡುವರು. ನಡುರಾತ್ರಿ ಆ ಜನಸಾಗರದಲ್ಲಿ ನಡೆಯುವಾಗ ನಮಗೆ ಗೋಕರ್ಣದ ಶಿವರಾತ್ರಿಯೂ ಅಲ್ಲಿನ ಮಹಾರಥವೂ ನೆನಪಾದವು. ಗೋಕರ್ಣಕ್ಕೆ ನಾವು ಮೋಟಾರಿನಲ್ಲಿ ಹೋಗಿ ಮೋಟಾರಿನಲ್ಲಿ ಬಂದವರು. ಊರಿನ ಬಳಿಯ ದೇವರಿಗೆ ಇಟ್ಟಿರದ ನಡಿಗೆಯನ್ನು ದೂರದ ದ್ವೀಪದ ದೇವರು ನಮ್ಮಿಂದ ಸಲ್ಲಿಸಿಕೊಂಡನು.

ಅನಂತರ ಬಂದುದು ಮಾರ್ಚ್ ೧೨. ಮಾರಿಷಸ್ ೧೯೬೮ರಲ್ಲಿ ಸ್ವತಂತ್ರವಾದುದು ಆ ದಿನ. ೧೯೩೦ರಲ್ಲಿ ಗಾಂಧೀಜಿ ಉಪ್ಪಿಗಾಗಿ ದಂಡಿಗೆ ಹೊರಟ ದಿನವೂ ಅದೇ. ಗಾಂಧೀಜಿ ೧೯೦೧ರಲ್ಲಿ ಆಫ್ರಿಕಾದಿಂದ ಮರಳುವಾಗ ಹಡಗು ನಿಂತುದರಿಂದ ಕೆಲವು ದಿನ ಈ ದ್ವೀಪದಲ್ಲಿ ತಂಗಿದ್ದರು. ಇದನ್ನು ಅತ್ತೆಯವರಿಗೆ ಹೇಳಿದಾಗ, “ನಮ್ಮ ಅಂಕೋಲೆಯಲ್ಲಿಯೂ ಆ ವರ್ಷವೇ ಉಪ್ಪು ಮಾಡಿದರಲ್ಲವೇ!” ಎಂದು, ತಾವು ಚಿಕ್ಕಂದಿನಲ್ಲಿ ಹಿರಿಯರಿಂದ ಕೇಳಿದ ಸತ್ಯಾಗ್ರಹದ ಸಂಗತಿಗಳನ್ನೆಲ್ಲ ಒಂದು ತಾಸು ಹೇಳಿದರು. ಅಂದು ವರದಿ ಒಪ್ಪಿಸಿದವರು ಅವರು, ಕೇಳಿದವರು ನಾವು.

ಎರಡು ವರ್ಷವೂ ಮುಗಿಯಿತು. ಹೊರಡುವ ಹಿಂದಿನ ಸಂಜೆ ಅಜ್ಜಿಯು ಬಂದು, ಕಟ್ಟಿಟ್ಟ ಪೆಟ್ಟಿಗೆಗಳನ್ನು ಕೈಯಿಂದ ಮುಟ್ಟಿ ಎಣಿಸಿದರು. “ಇವನ್ನು ಅಲ್ಲಿ ಹೋದ ದಿನವೇ ಬಿಚ್ಚು” ಎಂದರು. ನಾವು ಕಾಲಿಗೆರಗಿ ನಮಸ್ಕರಿಸಿದೆವು.

ಈಗ ನಾವು ಮತ್ತೊಂದು ನೆಲೆಯಲ್ಲಿದ್ದೇವೆ. ಪೆಟ್ಟಿಗೆಗಳನ್ನು ಮೊದಲ ದಿನವೇ ಬಿಚ್ಚಿದೆವು. ಮಕ್ಕಳನ್ನು ದೂರದ ದೇಶಗಳಿಗೆ ಸೇವೆಗೆ ಕಳುಹಿಸಿದ ತಾಯಿತಂದೆಗಳು ಈ ಪತ್ರಿಕೆಯನ್ನು ಓದುವವರಲ್ಲಿ ಅನೇಕರಿರಬಹುದು. ಅವರಲ್ಲಿ ನಮ್ಮದೊಂದು ವಿಜ್ಞಾಪನೆ. ಯಾವಾಗ ಬರುವೆಯೆಂದು ಕೇಳುವುದು ತಪ್ಪಲ್ಲ. ಆದರೆ ಆ ಪ್ರಶ್ನೆಗೆ ಉತ್ತರ ಕೊಡುವುದು ಸೈನ್ಯದವರ ಕೈಯಲ್ಲಿಲ್ಲ. ಅವರು ಉತ್ತರ ಕೊಡಬಲ್ಲ ಪ್ರಶ್ನೆಯನ್ನೂ ಜೊತೆಯಲ್ಲಿ ಕೇಳಿರಿ. ನಮ್ಮ ಅತ್ತೆಯವರು ಈಗ ಪ್ರತಿ ಭಾನುವಾರ ಸಂಜೆ ಕೇಳುವ ಮೊದಲ ಮಾತು, “ಇವತ್ತು ಎಲ್ಲಿಗೆ ಹೋಗಿದ್ದಿರಿ?” ಎಂಬುದೇ ಆಗಿದೆ. ಹೇಳಲು ಏನಾದರೂ ಇರಬೇಕಲ್ಲ ಎಂದು ನಾವು ಬೆಳಿಗ್ಗೆಯೇ ಮನೆಯಿಂದ ಹೊರಡುತ್ತೇವೆ.